ಲಿಫ್ಟಿಗೆ ಬಡಿದ ನೆಗ್ಗು

"ಅದು ಲಿಫ್ಟಿಗೆ ಬಡಿದಿದ್ದು ಸಾರ್."

ಭಾನುವಾರ ಕೇಳಿದ ಮಾತು. ಇವತ್ತು ಗುರುವಾರ, ಇನ್ನೂ ಕಿವಿಯಲ್ಲೇ ಇದೆ.

ಹೇಳಿದ ಹುಡುಗನಿಗೆ ಮೂವತ್ತರ ಆಸುಪಾಸು. ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲೊಂದರಲ್ಲಿ ಕಿಟಕಿ ಪಕ್ಕದ ಟೇಬಲ್ಲೇ ಆಗಬೇಕೆಂದು ಹಟ ಹಿಡಿದು ಅವನನ್ನು ಹತ್ತು ನಿಮಿಷ ನಿಲ್ಲಿಸಿದ್ದೆ. ಹಳೇ ವಾಚು ನೋಡುವುದಕ್ಕೆ ಟ್ಯೂಬ್‌ಲೈಟು ಆಗಿಬರುವುದಿಲ್ಲ, ಓರೆಯಾಗಿ ಬೀಳುವ ಬಿಸಿಲು ಬೇಕು. ಅವನು ಪಂಚೆಯ ತುಂಡಿನಲ್ಲಿ ಸುತ್ತಿದ್ದ ವಾಚನ್ನು ಬ್ಯಾಗಿನಿಂದ ತೆಗೆದು, ಸಾಂಬಾರಿನ ಬಟ್ಟಲನ್ನು ಆಚೆ ಸರಿಸಿ, ನನ್ನ ಮುಂದಿಟ್ಟ. ರೋಲೆಕ್ಸ್ ಡೇಟ್‌ಜಸ್ಟ್, ಮಾದರಿ ಸಂಖ್ಯೆ 16200. ಅಗಲ 36 ಮಿಲಿಮೀಟರ್, ಪೂರ್ತಿ ಸ್ಟೀಲು, ಗಾಜಿನ ಸುತ್ತ ಗೆರೆ ಕೊರೆಯದ ನುಣುಪು ಬಳೆ (ಬೆಜೆಲ್), ಸಣ್ಣ ಕೊಂಡಿಗಳ ಜೂಬಿಲಿ ಚೈನು. ಅವನ ಅಪ್ಪ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗ 1991ರಲ್ಲಿ ಕೊಂಡದ್ದು. ಅಪ್ಪ 2021ರಲ್ಲಿ ಹೋದರು. ಕೇಳಿದ ಬೆಲೆ ನಾಲ್ಕು ಲಕ್ಷದ ಹತ್ತು ಸಾವಿರ.

ಡಬ್ಬಿ ಇರಲಿಲ್ಲ, ಕಾಗದಪತ್ರವೂ ಇರಲಿಲ್ಲ. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಡಬ್ಬಿ ಕಟ್ಟಿಕೊಂಡು ತಿರುಗುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ನಾನು ನೋಡುವುದು ಕೇಸನ್ನು, ಎಂದರೆ ವಾಚಿನ ಲೋಹದ ಹೊರಮೈಯನ್ನು, ಅದರಲ್ಲೂ ಲಗ್ಗುಗಳನ್ನು, ಅಂದರೆ ಚೈನು ಸಿಕ್ಕಿಸುವ ಆ ನಾಲ್ಕು ಕೊಂಬುಗಳನ್ನು. ಈ ಮಾದರಿಯಲ್ಲಿ ಲಗ್ಗಿನ ಮೇಲ್ಮೈ ಕನ್ನಡಿಯ ಹಾಗೆ ಹೊಳೆಯಬಾರದು. ಬಾಚಿದ ಕೂದಲಿನಂಥ ಸಣ್ಣ ಗೆರೆಗಳಿರಬೇಕು. ಪಕ್ಕದ ಮೈ ಮಾತ್ರ ಕನ್ನಡಿ. ಎರಡೂ ಸೇರುವಲ್ಲಿ ಬೆರಳಿಗೆ ತಾಕುವಂಥ ಅಂಚಿರಬೇಕು. ಅವನು ತಂದ ವಾಚಿನಲ್ಲಿ ನಾಲ್ಕೂ ಲಗ್ಗು ಮದುವೆಮನೆಯ ಸ್ಟೀಲ್ ಲೋಟದ ಹಾಗೆ ಫಳಫಳ. ಅಂಚು ಸೋಪಿನ ಬಿಲ್ಲೆಯ ಅಂಚಿನಂತೆ ಕರಗಿತ್ತು. ಆ ಕಾಲದ ಕೇಸುಗಳಲ್ಲಿ ಲಗ್ಗಿನ ಪಕ್ಕಕ್ಕೆ ಆರಪಾರ ತೂತಿರುತ್ತದೆ. ತೂತಿನಿಂದ ಅಂಚಿನವರೆಗೆ ಎಷ್ಟು ಲೋಹ ಉಳಿದಿದೆ ಎಂದು ನೋಡಿದರೆ ಎಷ್ಟು ಉಜ್ಜಿದ್ದಾರೆ ಎಂದು ಲೆಕ್ಕ ಸಿಗುತ್ತದೆ. ನಾಲ್ಕರಲ್ಲಿ ಒಂದು, 12ರ ಬಲಗಡೆಯದು, ಉಳಿದ ಮೂರಕ್ಕಿಂತ ತೆಳ್ಳಗಿತ್ತು.

"ಸರ್ವಿಸ್ ಯಾವಾಗ ಮಾಡಿಸಿದ್ರಿ?"

"2016ರಲ್ಲಿ ಸಾರ್, ಅಕ್ಕನ ಮದುವೆಗೆ ಮುಂಚೆ. ಪಾಲಿಶ್ ಮಾಡಿ ಹೊಸದರ ಥರಾನೇ ಕೊಟ್ಟಿದ್ರು."

ಅಷ್ಟು ಹೆಮ್ಮೆಯಿಂದ ಹೇಳಿದ, ನನಗೆ ಕಾಫಿ ಗಂಟಲಲ್ಲೇ ನಿಂತಿತು. ಪಾಲಿಶ್ ಹಾಕುವ ಬಫಿಂಗ್ ಚಕ್ರಕ್ಕೆ ಕೊಟ್ಟರೆ ಗೀರು ಹೋಗುವುದಿಲ್ಲ, ಗೀರಿನ ಆಳದವರೆಗೆ ಸುತ್ತಲಿನ ಲೋಹ ಹೋಗುತ್ತದೆ. ಒಮ್ಮೆ ಹೋದದ್ದು ವಾಪಸ್ ಬರಬೇಕಾದರೆ ಲೇಸರ್ ವೆಲ್ಡಿಂಗ್ ಮಾಡಿ ಹೊಸ ಲೋಹ ಕೂರಿಸಿ ಮತ್ತೆ ಅಂಚು ತೆಗೆಯಬೇಕು. ಈಗ ಅದನ್ನೂ ಮಾಡುತ್ತಾರೆ, ಮಾಡಿ "ಉಜ್ಜಿಲ್ಲದ ಕೇಸು" ಎಂದು ಮಾರುವವರೂ ಇದ್ದಾರೆ. ಬಂಗಾರದ ವಾಚು ಎಷ್ಟೇ ನೆಗ್ಗಿದರೂ ತೂಕಕ್ಕೊಂದು ಬೆಲೆ ಇದ್ದೇ ಇದೆ. ಸ್ಟೀಲನ್ನು ತೂಕಕ್ಕೆ ಹಾಕಿದರೆ ಗುಜರಿಯವನು ಕಾಫಿ ದುಡ್ಡೂ ಕೊಡುವುದಿಲ್ಲ. 1972ರಲ್ಲಿ ಅಡೆಮಾರ್ ಪಿಗೆ ಕಂಪನಿ ಜೆರಾಲ್ಡ್ ಜೆಂಟಾ ಎಂಬಾತನಿಂದ ರಾಯಲ್ ಓಕ್ ವಿನ್ಯಾಸ ಮಾಡಿಸಿ, ಸ್ಟೀಲಿನ ವಾಚಿಗೆ ಬಂಗಾರದ ವಾಚಿನ ಬೆಲೆ ಹಾಕಿದಾಗ ಜನ ಹುಬ್ಬೇರಿಸಿದ್ದರಂತೆ. ಅವತ್ತು ಮಾರಿದ್ದು ಲೋಹವನ್ನಲ್ಲ, ಅಂಚನ್ನು. ಆ ಅಂಚನ್ನೇ ನಮ್ಮೂರಲ್ಲಿ ದುಡ್ಡು ಕೊಟ್ಟು ಉಜ್ಜಿಸಿ ಬರುತ್ತೇವೆ, ಮದುವೆಗೆ ಬೆಳ್ಳಿ ಪಾತ್ರೆ ತಿಕ್ಕಿಸಿದ ಹಾಗೆ.

ಇನ್ನೊಂದು ಭಯವೂ ಇತ್ತು, ಮಸ್ಕತ್ತಿನದು. ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎನ್ನುವುದು ಅರ್ಧ ಸತ್ಯ. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲೆ ತೆಳು ಪೊರೆ ಕಟ್ಟಿ ಕಾಯುತ್ತದೆ. ಹಿಂಬದಿ ಮುಚ್ಚಳದ ಗ್ಯಾಸ್ಕೆಟ್ ಸಂದಿಯಲ್ಲಿ ಬೆವರಿನ ಉಪ್ಪು ಸೇರಿ, ಗಾಳಿ ಆಡದೆ ಹೋದರೆ ಪೊರೆ ಒಡೆದು ಗುಳಿ ಬೀಳುತ್ತದೆ. ಹಿಂದೊಮ್ಮೆ ಮಂಗಳೂರಿನಿಂದ ಬಂದ ಒಂದು ವಾಚಿನ ಮುಚ್ಚಳ ಬಿಚ್ಚಿದಾಗ ಒಳಗಿನ ಅಂಚು ಹುಳ ತಿಂದ ಬದನೆಕಾಯಿಯ ಹಾಗಿತ್ತು, ಹೊರಗಿನಿಂದ ನೋಡಿದರೆ ಮಾತ್ರ ಹೊಚ್ಚ ಹೊಸದು. ಹೋಟೆಲಿನಲ್ಲಿ ಮುಚ್ಚಳ ಬಿಚ್ಚಲಾಗುವುದಿಲ್ಲವಲ್ಲ. ಚೈನು ಅಡ್ಡ ಹಿಡಿದು ನೋಡಿದೆ, ಮೂವತ್ತು ವರ್ಷ ಸವೆದು ಜೋಲು ಬಿದ್ದಿತ್ತು. ಅದು ವಯಸ್ಸಿನ ಧರ್ಮ, ತಕರಾರಿಲ್ಲ.

ಆಮೇಲೆ ನೆಗ್ಗು ಕಂಡಿತು. ಅದೇ ತೆಳ್ಳಗಿನ ಲಗ್ಗಿನ ಮೂತಿಯಲ್ಲಿ, ಅಕ್ಕಿ ಕಾಳಿನಷ್ಟು. ಬೆರಳಿಟ್ಟು ತೋರಿಸಿದೆ.

"ಅದು ಲಿಫ್ಟಿಗೆ ಬಡಿದಿದ್ದು ಸಾರ್. ಮಸ್ಕತ್ತಿನ ರುವಿಯಲ್ಲಿ ನಮ್ಮ ಫ್ಲಾಟಿನ ಲಿಫ್ಟು. ನಾನಿನ್ನೂ ಸ್ಕೂಲಿಗೆ ಹೋಗ್ತಿರಲಿಲ್ಲ. ಅಪ್ಪ ಒಂದು ವಾರ ಬೇಜಾರಲ್ಲಿದ್ರಂತೆ."

ಸುಮ್ಮನೆ ಹೂಂ ಎಂದು ಬೆಲೆಯ ಮಾತಿಗೆ ಹೋಗಿದ್ದರೆ ಆಗುತ್ತಿತ್ತು. ಆದರೆ ಕೈಯಲ್ಲಿ ಲೂಪಿತ್ತು (ವಾಚಿನವರ ಪುಟ್ಟ ಭೂತಗನ್ನಡಿ), ತಲೆಯಲ್ಲಿ ಹದಿನೈದು ಸಾವಿರ ಇಳಿಸುವ ಲೆಕ್ಕವಿತ್ತು. ಸ್ಟೀಲಿಗೆ ಏಟು ಬಿದ್ದಾಗ ಲೋಹ ಎಲ್ಲಿಗೂ ಮಾಯವಾಗುವುದಿಲ್ಲ, ಪಕ್ಕಕ್ಕೆ ತಳ್ಳಿಕೊಂಡು ಹೋಗಿ ಗುಳಿಯ ಸುತ್ತ ಬದುವಿನ ಹಾಗೆ ಎದ್ದು ನಿಲ್ಲುತ್ತದೆ. ಬಫಿಂಗ್ ಚಕ್ರ ಮೊದಲು ಸವರುವುದೇ ಆ ಬದುವನ್ನು. ಈ ನೆಗ್ಗಿನ ಸುತ್ತ ಉಗುರಾಡಿಸಿದರೆ ಬದು ಚುರುಕ್ಕೆಂದು ಸಿಕ್ಕಿತು. ಒಳಗಡೆ ಹೊಳಪೂ ಇರಲಿಲ್ಲ.

"ಇದು 2016ರ ನಂತರದ್ದು ಅನ್ಸುತ್ತೆ" ಅಂದೆ. ಪರೀಕ್ಷೆ ಪೇಪರಿನಲ್ಲಿ ತಪ್ಪು ಹುಡುಕಿದ ಮೇಷ್ಟ್ರ ದನಿ ಅದು. ಬದು, ಚಕ್ರ, ಉಗುರು ಎಲ್ಲ ವಿವರಿಸಿದೆ ಬೇರೆ. ಯಾರೂ ಕೇಳಿರಲಿಲ್ಲ.

ಹುಡುಗ ವಡೆಯ ತಟ್ಟೆ ನೋಡುತ್ತಾ ಕೂತ.

"ನಾನೇ ಸಾರ್. ಅಪ್ಪನ ವೈಕುಂಠ ಸಮಾರಾಧನೆ ದಿನ. ಅವತ್ತೇ ಮೊದಲನೇ ಸಲ ಕಟ್ಟಿಕೊಂಡಿದ್ದೆ. ಊಟದ ಕಬ್ಬಿಣದ ಟೇಬಲ್ ಮಡಚಬೇಕಾದ್ರೆ ಸಿಕ್ಕಿಹಾಕ್ಕೊಂಡಿತು."

"ಮತ್ತೆ ಲಿಫ್ಟು?"

"ಅಮ್ಮ ನೋಡಿಬಿಟ್ರು. ಇದೇನೋ ಅಂದ್ರು. ಹಳೇದಮ್ಮ, ಅಪ್ಪನ ಕಾಲದ್ದೇ ಅಂದೆ. ಒಂದು ನಿಮಿಷ ನೋಡಿ, ಹೌದು, ಅದು ಲಿಫ್ಟಿಗೆ ಬಡಿದಿದ್ದು ಅಂತ ಅಮ್ಮನೇ ಅಂದ್ರು. ನಾನು ಲಿಫ್ಟಿನ ಹೆಸರೇ ಎತ್ತಿರಲಿಲ್ಲ ಸಾರ್."

ಅಲ್ಲಿಂದ ಬೆಲೆಯ ಮಾತು ಬೇಗ ಮುಗಿಯಿತು. ನಾನು ಕೇಳಿದ ಹದಿನೈದು ಸಾವಿರಕ್ಕೆ ತಕ್ಷಣ ತಲೆಯಾಡಿಸಿಬಿಟ್ಟ. ಚೌಕಾಸಿ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಾರುವುದು ಯಾಕೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ವಾರದೊಳಗೆ ದುಡ್ಡು ಹೊಂದಿಸುತ್ತೇನೆ ಎಂದು ಎದ್ದೆ.

ಮನೆಗೆ ಬಂದು ನಮ್ಮಪ್ಪನ ಎಚ್‌ಎಂಟಿ ತೆಗೆದು ನೋಡಿದೆ. ಜಾಲಹಳ್ಳಿಯ ಸರಕು. ಹಿಂದೆ ಸ್ಟೀಲಿನ ಮುಚ್ಚಳ, ಉಳಿದ ಕೇಸು ಹಿತ್ತಾಳೆಗೆ ಕ್ರೋಮಿಯಂ ಲೇಪ. ಅಂಗಿಯ ತೋಳು ಉಜ್ಜುವ ಕಡೆ ಲೇಪ ಹೋಗಿ ಹಿತ್ತಾಳೆ ಹಳದಿಯಾಗಿ ಇಣುಕುತ್ತಿದೆ. ಇದನ್ನು ಯಾರೂ ಲೂಪ್ ಹಿಡಿದು ನೋಡಿಲ್ಲ, ನಾನೂ ನೋಡಿಲ್ಲ. ನಾಲ್ಕು ಲಕ್ಷದ ವಾಚಿಗಷ್ಟೇ ನಮ್ಮ ಪೊಲೀಸ್ ಬುದ್ಧಿ ಎಚ್ಚರವಾಗುತ್ತದೆ. ಈ ಹವ್ಯಾಸದಲ್ಲಿರುವ ನಮ್ಮ ಗೆಳೆಯರೆಲ್ಲ ಒಂದೇ ಥರ. ಲಗ್ಗು ದಪ್ಪಗಿದೆಯೇ ಎಂದು ಕೇಳುತ್ತಾರೆ, ಕಟ್ಟಿಕೊಂಡಿದ್ದವರು ಯಾರೆಂದು ಕೇಳುವುದಿಲ್ಲ. ಕೇಳಿದರೂ ಅದು ಮುಂದೆ ಮಾರುವಾಗ ಹೇಳಿಕೊಳ್ಳಲು ಬರುತ್ತದೆಂದು.

ರಾತ್ರಿ ನೋಟ್‌ಬುಕ್ಕಿನಲ್ಲಿ ಎಂದಿನಂತೆ ಬರೆದೆ. "ನೆಗ್ಗು ಒಂದು, ಬಫಿಂಗಿನ ನಂತರದ್ದು. ಬಫಿಂಗಿಗೆ ಮುಂಚಿನ ಗುರುತು ಯಾವುದೂ ಇಲ್ಲ." ಬರೆದವನು ಅಲ್ಲೇ ನಿಂತೆ. ಇಪ್ಪತ್ತೈದು ವರ್ಷ ದಿನಾ ಕಟ್ಟಿದ ವಾಚು. ಒಂದೂ ಗುರುತಿಲ್ಲದೆ ಇರುತ್ತದೆಯೇ? ಇದ್ದವು, 2016ರಲ್ಲಿ ಧೂಳಾಗಿ ಹೋದವು. ಮತ್ತೆ ಆ ಲಗ್ಗು, ಅದೊಂದೇ ಯಾಕೆ ತೆಳ್ಳಗೆ? ಬಫಿಂಗ್ ಮಾಡುವವನು ಎಲ್ಲಿ ಆಳವಾಗಿ ನೆಗ್ಗಿದೆಯೋ ಅಲ್ಲೇ ಹೆಚ್ಚು ಒತ್ತಿ ಹಿಡಿಯುತ್ತಾನೆ, ಸುತ್ತಲಿನ ಲೋಹ ಗುಳಿಯ ಮಟ್ಟಕ್ಕೆ ಇಳಿಯುವ ತನಕ. 

ಅಂದರೆ ಆ ತಾಯಿ ಸುಳ್ಳನ್ನು ನಂಬಿರಲಿಲ್ಲವೇನೋ. ಲಿಫ್ಟಿಗೆ ಬಡಿದದ್ದು ನಿಜವೇ ಇದ್ದೀತು. ಅದೇ ಜಾಗದಲ್ಲೇ ಇದ್ದೀತು. ಅದನ್ನು ಮಗಳ ಮದುವೆಗೆಂದು ಉಜ್ಜಿಸಿ ತೆಗೆದರು, ಐದು ವರ್ಷದ ನಂತರ ಮಗ ಊಟದ ಟೇಬಲ್ಲಿಗೆ ಸಿಕ್ಕಿಸಿ ಅಲ್ಲೇ ಇನ್ನೊಂದು ಮಾಡಿದ. ಅವರು ಮೂತಿಯ ಮೇಲೆ ಬೆರಳಿಟ್ಟು ಹಳೆಯದನ್ನೇ ಕಂಡರು. ನಾನು ಲೂಪಿನಲ್ಲಿ ಕಂಡದ್ದು ಹೊಸದನ್ನು ಮಾತ್ರ.

ಹನ್ನೊಂದೂವರೆಗೆ ಅವನಿಗೆ ಮೆಸೇಜು ಹಾಕಿದೆ. ಉದ್ದವಾಗಿಯೇ. ತೂತಿನ ಲೆಕ್ಕ, ತೆಳ್ಳಗಿನ ಲಗ್ಗು, ಎಲ್ಲ. ಇದು ಬರೀ ನನ್ನ ಊಹೆ, ಆದರೆ ನಿಮ್ಮಮ್ಮ ಹೇಳಿದ ನೆಗ್ಗು ಇದ್ದಿರಬಹುದು ಎಂದು. ನೀಲಿ ಗೆರೆ ಎರಡೂ ಬಂದವು, ಉತ್ತರ ಬರಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಹದಿನೈದು ಸಾವಿರ ಇಳಿಸುವುದು ಬೇಡ ಎಂದು ಇನ್ನೊಂದು ಮೆಸೇಜು ಹಾಕಿದೆ. ಅದಕ್ಕೂ ಇಲ್ಲ.

ನಿನ್ನೆ ರಾತ್ರಿ ಒಂದು ಫೋಟೋ ಬಂತು. ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಯ ಮೇಲಿಂದಲೇ ಮೊಬೈಲಿನಲ್ಲಿ ತೆಗೆದದ್ದು. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು, 1999. ಸಮುದ್ರದ ಮುಂದೆ ಮೀಸೆಯ ಮನುಷ್ಯರೊಬ್ಬರು, ತೋಳಲ್ಲಿ ಮುಖ ಸಿಂಡರಿಸಿಕೊಂಡ ಪುಟ್ಟ ಹುಡುಗ. ಕೆಳಗೆ ಇಷ್ಟೇ: "ಕಾಣ್ಸುತ್ತಾ ಸಾರ್?"

ಎಳೆದು ದೊಡ್ಡದು ಮಾಡಿದೆ, ಇನ್ನೂ ಎಳೆದೆ. ಹುಡುಗನ ಬೆನ್ನ ಮೇಲೆ ಅಪ್ಪನ ಎಡಗೈ. ಮಣಿಕಟ್ಟಿನಲ್ಲಿ, ವಾಚಿರಬೇಕಾದ ಜಾಗದಲ್ಲಿ, ಬಿಸಿಲಿಗೆ ಹೊಳೆದ ಒಂದು ಬಿಳೀ ಚುಕ್ಕೆ.