ಫ್ರಂಟ್ ರೋನಲ್ಲಿ ಕೂತು ಮೋರ್ಸ್ ಕೇಳಿಸ್ಕೊಂಡ ನಮ್ಮ ಸರ್

ಕಾಲೇಜ್ ಮ್ಯಾಗಜಿನ್‌ಗೆ ಏನಾದ್ರೂ ಬರ್ದುಕೊಡಿ ಅಂತ ಸಂಪಾದಕ ಸಮಿತಿ ಹುಡುಗ್ರು ಫೋನ್ ಮಾಡಿದಾಗ ಸರ್ ತೀರ್ಕೊಂಡು ಇನ್ನೂ ತಿಂಗಳಾಗಿರ್ಲಿಲ್ಲ, ಹಂಗಾಗಿ ಬೇರೆ ವಿಷಯ ಹುಡುಕೋ ಪ್ರಶ್ನೆನೇ ಬರ್ಲಿಲ್ಲ. ಅವ್ರು ನಮ್ಗೆ ಕಮ್ಯುನಿಕೇಶನ್ ಥಿಯರಿ ತಗೊಳ್ತಿದ್ರು. ಅದ್ರಲ್ಲಿ ಒಂದು ಡೆರಿವೇಶನ್ನೂ ಈಗ ನೆನಪಿಲ್ಲ, ಮಾರ್ಕ್ಸ್ ಎಷ್ಟು ಬಂತು ಅನ್ನೋದೂ ಮರೆತುಹೋಗಿದೆ (ಚೆನ್ನಾಗೇ ಬಂದಿತ್ತು ಬಿಡಿ). ನೆನಪಿರೋದು ಎಲೆಕ್ಟ್ರಾನಿಕ್ಸ್ (ಇ.ಸಿ.) ಬ್ಲಾಕ್ ಟೆರೇಸ್ ಮೇಲಿನ ಆ ಹ್ಯಾಮ್ ರೂಮು. ಹ್ಯಾಮ್ ಅಂದ್ರೆ ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋರು. ಒಂದು ಹಳೇ ವಾಲ್ವ್ ರಿಸೀವರ್ರು, ಯಾವಾಗ್ಲೂ ಸೋಲ್ಡರ್ ಹೊಗೆ, ಮೂಲೇಲಿ ಪಿಸಿಕ್ವೆಸ್ಟ್ ಪತ್ರಿಕೆ ಜೊತೆ ಬರ್ತಿದ್ದ ಸಿಡಿಯಿಂದ ಲಿನಕ್ಸ್ ಹಾಕಿದ್ದ ಒಂದು ಪಿಸಿ. ಸರ್ ಹೇಳ್ತಿದ್ದದ್ದು ಒಂದೇ ಮಾತು, "ಮುಚ್ಚಳ ತೆಗೀಬಾರ್ದು ಅಂತ ಬರ್ದಿರೋ ಸಾಮಾನು ನನ್ ರೂಮಿಗೆ ತರಬೇಡ್ರೋ." ಅದು ರೇಡಿಯೋಗೂ ಆಗ್ತಿತ್ತು, ಸಾಫ್ಟ್‌ವೇರ್‌ಗೂ ಆಗ್ತಿತ್ತು. ಯಾರೋ ಸೀನಿಯರ್ ಪೈರೇಟೆಡ್ ಆಂಟೆನಾ ಸಾಫ್ಟ್‌ವೇರ್ ತಂದಾಗ ಬೈದು ವಾಪಸ್ ಕಳ್ಸಿದ್ರು. ಕದ್ದಿದ್ದು ಅಂತಲ್ಲ, ಒಳಗೆ ಏನು ಲೆಕ್ಕ ಮಾಡ್ತಿದೆ ಅಂತ ನೋಡೋಕಾಗಲ್ವಲ್ಲ, ಅದಕ್ಕೆ.

ಫ್ಯಾಕ್ಟರಿ ರಿಗ್ (ಹ್ಯಾಮ್ ರೇಡಿಯೋ ಸೆಟ್ಟು) ತಗೊಳೋ ದುಡ್ಡು ಕಾಲೇಜಲ್ಲೂ ಇರ್ಲಿಲ್ಲ ನಮ್ಮತ್ರನೂ ಇರ್ಲಿಲ್ಲ. ಆಗಲೇ ಹೈದರಾಬಾದಿನ ಅಶರ್ ಫರ್ಹಾನ್ (ಹ್ಯಾಮ್ ಆಗಿ ಅವ್ರ ಗುರುತು, ಅಂದ್ರೆ ಕಾಲ್‌ಸೈನ್, ವಿಯು2ಇಎಸ್‌ಇ) ಅವರ ಬಿಟ್‌ಎಕ್ಸ್20 ಸರ್ಕ್ಯೂಟ್ ಬಂತು, 14 ಮೆಗಾಹರ್ಟ್ಸ್‌ಗೆ ಕೈಲೇ ಮಾಡ್ಕೊಳೋ, ಮಾತು ಕಳ್ಸೋ ಕೇಳೋ ಎರಡೂ ಕೆಲಸದ ಎಸ್‌ಎಸ್‌ಬಿ ಟ್ರಾನ್ಸೀವರ್ರು, ಆರು ವಾಟ್. ಅವ್ರು ಸರ್ಕ್ಯೂಟನ್ನ ಯಾರು ಬೇಕಾದ್ರೂ ಮಾಡ್ಕೊಳ್ಳಿ ಅಂತ ಪೂರ್ತಿ ಬಿಚ್ಚಿಟ್ಟಿದ್ರು, ಸಿಗದ ಪಾರ್ಟ್ ಒಂದೂ ಹಾಕಿರ್ಲಿಲ್ಲ. ಕಾಯಿಲ್ ಸುತ್ತೋಕೆ ಟೊರಾಯ್ಡ್ ಅನ್ನೋ ಬಳೆಯಾಕಾರದ ಕೋರ್ ಇಲ್ವಾ, ನಲ್ಲಿ ವಾಷರ್ ಮೇಲೆ ಸುತ್ಕೊಳ್ಳಿ ಅಂತ! ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ರಾಶಿ ವಾಷರ್ ಕೇಳಿದ್ರೆ ಅಂಗಡಿಯವ್ರು ಕನ್ನಡಕ ಮೇಲೆತ್ತಿ "ಎಷ್ಟು ನಲ್ಲಿ ಸೋರ್ತಿದಾವಪ್ಪಾ ನಿಮ್ಮ ಹಾಸ್ಟೆಲಲ್ಲಿ" ಅಂದ್ರು. ಎನಾಮೆಲ್ ತಂತಿನ ಅದ್ರ ತೂತಲ್ಲಿ ತೂರಿಸಿ ತೂರಿಸಿ ಎಳೆಯೋದು, ಒಂದ್ರ ಮೇಲೊಂದು ಹತ್ಬಾರ್ದು, ಮಧ್ಯೆ ಯಾರಾದ್ರೂ ಮಾತಾಡ್ಸಿದ್ರೆ ಲೆಕ್ಕ ತಪ್ಪಿ ಎಲ್ಲಾ ಬಿಚ್ಚಿ ಮತ್ತೆ ಮೊದಲಿಂದ. ನಮ್ಮ ಬ್ಯಾಚಲ್ಲಿ ಅದು ಮೊದಲು ಮಾತಾಡಿದ್ದು ನಂದೇ, ಇದನ್ನ ಬೇರೆಯವ್ರು ಒಪ್ಪಲ್ಲ, ಆದ್ರೆ ಬರೀತಿರೋದು ನಾನು.

ಲೈಸೆನ್ಸ್ ಕಥೆ ದೊಡ್ಡದು, ಬಿಡಿ. ಪರೀಕ್ಷೆ, ಅದ್ರಲ್ಲಿ ಗ್ರೇಡ್ 2ಕ್ಕೆ ನಿಮಿಷಕ್ಕೆ ಐದು ಪದ ಮೋರ್ಸ್ (ಡಿ ಅನ್ನೋ ಗಿಡ್ಡ ಸದ್ದು, ಡಾ ಅನ್ನೋ ಉದ್ದ ಸದ್ದು ಸೇರಿಸಿ ಅಕ್ಷರ ಮಾಡೋ ಕೋಡು), ಆಮೇಲೆ ಪೊಲೀಸ್ ವೆರಿಫಿಕೇಶನ್ನು, ಮನೆಗೆ ಪೊಲೀಸ್ ಬಂದು ನಮ್ಮಮ್ಮ ಹೆದರಿದ್ದು. ಕೊನೆಗೂ ವಿಯು3 ಕಾಲ್‌ಸೈನ್ ಬಂತು.

ಅದು ಬಂದ ಹೊಸ್ತರಲ್ಲೇ ಆ್ಯನುಯಲ್ ಡೇ. ಆಡಿಟೋರಿಯಂ ನಮ್ಮ ಬ್ಲಾಕಿಗೆ ಅಂಟ್ಕೊಂಡೇ ಇತ್ತು, ನಮ್ಮ 40 ಮೀಟರ್ ಬ್ಯಾಂಡಿನ (ಅಂದ್ರೆ 7 ಮೆಗಾಹರ್ಟ್ಸ್) ತಂತಿ ಆಂಟೆನಾ ಡೈಪೋಲ್‌ನ ಒಂದು ತುದಿ ಅದ್ರ ಶೀಟ್ ಮೇಲೇ ಹಾದುಹೋಗಿತ್ತು. ರಿಹರ್ಸಲ್ ದಿನ ಯಾರೋ 7 ಮೆಗಾಹರ್ಟ್ಸ್‌ನಲ್ಲಿ ಮೋರ್ಸ್ ಕೀ ಒತ್ತಿದಾಗ ಸ್ಟೇಜ್ ಸ್ಪೀಕರ್ ಗುಂಯ್ ಅಂದಿತ್ತು. ಉದ್ದ ಮೈಕ್ ಕೇಬಲ್ಲೇ ಆಂಟೆನಾ ಆಗಿ, ಆಂಪ್ಲಿಫೈಯರ್‌ನ ಮೊದಲ ಟ್ರಾನ್ಸಿಸ್ಟರ್ರೇ ಡಿಟೆಕ್ಟರ್ ಆಗಿ, ನಾವು ಕೈಲೇ ಮಾಡಿದ ಪವರ್ ಸಪ್ಲೈನ ಹಮ್ ಅಷ್ಟೂ ಸಭೆಗೆ ಕೇಳಿಸ್ತಿತ್ತು. ಇಷ್ಟು ಗೊತ್ತಾದ್ಮೇಲೆ ಹಾಸ್ಟೆಲ್ ಹುಡುಗ್ರು ಸುಮ್ನಿರ್ತಾರಾ?

ಮುಖ್ಯ ಅತಿಥಿಗಳು ಯುವಶಕ್ತಿ ಬಗ್ಗೆ ಶುರು ಮಾಡಿದವ್ರು ನಿಲ್ಲಿಸ್ಲೇ ಇಲ್ಲ, ಆಚೆ ಬಿಸಿಬೇಳೆಬಾತ್ ಆರ್ತಾ ಇತ್ತು. ನಾನು ಟೆರೇಸ್‌ಗೆ ಓಡಿ ಕೀ ಮುಂದೆ ಕೂತೆ. ಡಾ ಡಾ ಡಿ ಡಾ, ಡಿ ಡಾ ಡಿಟ್, ಡಾ. ಕ್ಯೂಆರ್‌ಟಿ, ಅಂದ್ರೆ ಟ್ರಾನ್ಸ್‌ಮಿಶನ್ ನಿಲ್ಲಿಸಿ ಅಂತ. ಮತ್ತೆ ಮತ್ತೆ ಅದೇ. ಕೆಳಗೆ ಅತಿಥಿಗಳು ಮೈಕ್ ತಟ್ಟಿದ್ರಂತೆ, ಮೈಕ್‌ಸೆಟ್‌ನವನು ಕೇಬಲ್ ಬದಲಾಯಿಸ್ದನಂತೆ, ಕೊನೆಗೆ "ಸಮಯದ ಅಭಾವದಿಂದ" ಅಂತ ಭಾಷಣ ಮುಗೀತು. ಅಷ್ಟು ಜನದಲ್ಲಿ ಅದೇನು ಅಂತ ಅರ್ಥ ಆಗಿದ್ದು ಪ್ರಿನ್ಸಿಪಾಲರ ಪಕ್ಕ ಫ್ರಂಟ್ ರೋನಲ್ಲಿ ಕೂತಿದ್ದ ಒಬ್ಬರಿಗೆ, ಅವ್ರು ಮಾತ್ರ ಮುಖ ಅಲ್ಲಾಡಿಸ್ಲಿಲ್ವಂತೆ.

ಬೆಳಗ್ಗೆ ಸರ್ ಕರೆದ್ರು. "ಲೋ, ನೀನು ಕ್ಯೂ ಹೊಡೀವಾಗ ಕೊನೇ ಡಾ ಎಳೀತೀಯ. ನಿನ್ನೆನೂ ಎಳ್ದೆ." ನಾನು ತಲೆ ತಗ್ಗಿಸ್ದೆ. "ಅದಿರ್ಲಿ, ಕಾಲ್‌ಸೈನ್ ಯಾಕೋ ಹಾಕ್ಲಿಲ್ಲ? ಹೆಸರಿಲ್ದೆ ಗಾಳೀಲಿ ಮಾತಾಡೋನು ಹ್ಯಾಮಾ?" ಅವ್ರಿಗೆ ಸಿಟ್ಟು ಬಂದಿದ್ದು ಅಷ್ಟಕ್ಕೇ. ಶಿಕ್ಷೆ ಅಂದ್ರೆ ಸೋಲ್ಡರಿಂಗ್ ಐರನ್ ಹಿಡ್ಕೊಂಡು ಮೈಕ್‌ಸೆಟ್ ಅಂಗಡಿಗೆ ಹೋಗಿ ಆಂಪ್ಲಿಫೈಯರ್‌ನ ಪ್ರತಿ ಇನ್‌ಪುಟ್‌ಗೂ ಒಂದೊಂದು 103 ಡಿಸ್ಕ್ ಕೆಪಾಸಿಟರ್ ಹಾಕಿ, ಕೇಬಲ್‌ಗೆ ಫೆರೈಟ್ ರಿಂಗ್ ಸುತ್ತಿ, ರೇಡಿಯೋ ಸಿಗ್ನಲ್ ಒಳಗೆ ನುಗ್ಗದಂಗೆ ಮಾಡಿ ಬರೋದು. ಅಂಗಡಿಯವನು ಖುಷಿಯಾಗಿ ಟೀ ಕುಡಿಸ್ದ, ಕಾರಣ ಅವನಿಗೆ ಇವತ್ತಿಗೂ ಗೊತ್ತಿಲ್ಲ.

2005 ಮೇ 5ಕ್ಕೆ ಇಸ್ರೋ ಪಿಎಸ್‌ಎಲ್‌ವಿ-ಸಿ6ನಲ್ಲಿ ಕಾರ್ಟೋಸ್ಯಾಟ್-1 ಜೊತೆ ಹ್ಯಾಮ್‌ಸ್ಯಾಟ್ ಅನ್ನೋ ಉಪಗ್ರಹ ಕಳ್ಸ್ತು, ಬರೀ ನಲವತ್ತೆರಡೂವರೆ ಕೆ.ಜಿ., ಹ್ಯಾಮ್‌ಗಳಿಗೇ ಅಂತ ಮಾಡಿದ್ದು. ಅದು ನಮ್ಮ ತಲೆ ಮೇಲೆ ಯಾವಾಗ ಬರುತ್ತೆ ಅಂತ ನೋಡೋಕೆ ಅಮೆರಿಕದ ಒಬ್ಬ ಹ್ಯಾಮ್ ಬರ್ದು ಜಿಪಿಎಲ್ (ಕೋಡ್ ಎಲ್ರಿಗೂ ಓಪನ್ ಅನ್ನೋ ಲೈಸೆನ್ಸು) ಅಡಿ ಕೊಟ್ಟಿದ್ದ ಪ್ರೆಡಿಕ್ಟ್ ಅನ್ನೋ ಪ್ರೋಗ್ರಾಮ್ ಇತ್ತು, ಕಪ್ಪು ಸ್ಕ್ರೀನಲ್ಲಿ ಬರೀ ಅಂಕಿ. ಪಾಸ್, ಅಂದ್ರೆ ಉಪಗ್ರಹ ನಮ್ಮ ಮೇಲೆ ಹಾದುಹೋಗೋದು, ಶುರುವಾಗೋಕೆ ಮುಂಚೆ ಪಿಸಿ ಸ್ಪೀಕರ್‌ನಲ್ಲಿ ಮೋರ್ಸ್ ಬಾರಿಸೋ ಸ್ಕ್ರಿಪ್ಟ್ ನಾನು ಬರ್ದೆ. ನನ್ನ ಸಾಫ್ಟ್‌ವೇರ್ ಕೆರಿಯರ್ ಶುರುವಾಗಿದ್ದೇ ಅಲ್ಲಿ, ಪ್ಲೇಸ್‌ಮೆಂಟ್ ಸೆಲ್‌ನವ್ರು ಕ್ರೆಡಿಟ್ ತಗೊಂಡ್ರೂ ಸರಿ. ಹಳೇ ಟಿವಿ ಆಂಟೆನಾ ಕಡ್ಡಿಗಳಿಂದ ಮಾಡಿದ ಯಾಗಿ ಆಂಟೆನಾನ ಒಬ್ಬ ಆಕಾಶಕ್ಕೆ ಹಿಡ್ಕೊಂಡು ತಿರುಗಿಸೋದು, ಇನ್ನೊಬ್ಬ 145 ಮೆಗಾಹರ್ಟ್ಸ್‌ನಲ್ಲಿ ನಾಬ್ ಇಳಿಸ್ತಾ ಹೋಗೋದು, ಯಾಕಂದ್ರೆ ಉಪಗ್ರಹ ಓಡ್ತಾ ಇರೋದ್ರಿಂದ ಡಾಪ್ಲರ್ ಎಫೆಕ್ಟ್‌ಗೆ ಸಿಗ್ನಲ್‌ನ ಫ್ರೀಕ್ವೆನ್ಸಿ ಜಾರ್ತಾ ಇರುತ್ತೆ. ಡಾಪ್ಲರ್ ಎಫೆಕ್ಟ್ ಅಂದ್ರೆ ಇವತ್ತಿಗೂ ನನಗೆ ಫಾರ್ಮುಲಾ ಬರಲ್ಲ, ಮಣಿಕಟ್ಟು ನೆನಪಾಗುತ್ತೆ.

ರಿಟೈರ್ ಆದ್ಮೇಲೂ ಸರ್ ಜಗಳ ಬಿಟ್ಟಿರ್ಲಿಲ್ಲ. 2017ರಲ್ಲಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ರೇಡಿಯೋದಲ್ಲಿ ಪುಟ್ಟ ಮೆಸೇಜ್ ಕಳ್ಸೋ ವಿಧಾನ) ಬಂದಾಗ ಫೋನ್ ಮಾಡಿ, ಅದನ್ನ ಮಾಡಿದವ್ರಲ್ಲಿ ಒಬ್ರಾದ, ಫಿಸಿಕ್ಸ್ ನೊಬೆಲ್ ಬಂದಿರೋ ಜೋ ಟೇಲರ್ ಅದ್ರ ಕೋಡನ್ನ ಊರಿಗೆಲ್ಲಾ ಬಿಚ್ಚಿಟ್ಟಿದಾರೆ ನೋಡೋ ಅಂತ ಹೊಗಳಿದ್ರು. ಅದೇ ಉಸಿರಲ್ಲಿ, "ಆದ್ರೆ ಹದಿನೈದು ಹದಿನೈದು ಸೆಕೆಂಡ್‌ಗೆ ಕಂಪ್ಯೂಟರು ಕಂಪ್ಯೂಟರೇ ಮಾತಾಡ್ಕೋತಾವೆ, ನಿಮ್ಮೂರಲ್ಲಿ ಮಳೆ ಬಂತಾ ಅಂತ ಕೇಳೋರೇ ಇಲ್ಲ" ಅಂತ ಬೈದ್ರು.

ಈಗಿನ ಹುಡುಗ್ರಿಗೆ ಏನಿಲ್ಲ ಹೇಳಿ. ರೇಡಿಯೋ ಕೇಳೋಕೆ ಹೆಬ್ಬೆರಳಷ್ಟು ಯುಎಸ್‌ಬಿ ಡಾಂಗಲ್ ಒಂದು, ಗ್ನೂ ರೇಡಿಯೋ ಅನ್ನೋ ಸಾಫ್ಟ್‌ವೇರ್ ಫ್ರೀ, ಫರ್ಹಾನ್ ಅವರ ಆಮೇಲಿನ ರಿಗ್‌ಗಳ ಆರ್ಡುಯಿನೋ ಕೋಡೂ ಓಪನ್ನು. ಆದ್ರೆ ಮೊನ್ನೆ ಒಂದು ಕಾಲೇಜಿಗೆ ಎಕ್ಸಾಮಿನರ್ ಆಗಿ ಹೋಗಿದ್ದೆ, ಫೈನಲ್ ಇಯರ್ ಹುಡುಗನಿಗೆ ಅವನ ಪ್ರಾಜೆಕ್ಟ್ ಡಬ್ಬದ ಸ್ಕ್ರೂ ಬಿಚ್ಚು ಅಂದ್ರೆ "ಬೇಡ ಸರ್, ವಾರಂಟಿ ಹೋಗುತ್ತೆ" ಅಂದ. ಪ್ರಾಜೆಕ್ಟ್‌ಗೆ ವಾರಂಟಿ! ಹುಡುಗ್ರನ್ನ ಬೈಯಲ್ಲ ನಾನು, ಸಂಜೆ ಐದಕ್ಕೆ ಲ್ಯಾಬಿಗೆ ಬೀಗ ಬೀಳುತ್ತೆ, ಉಳಿದಿದ್ದು ರೆಕಾರ್ಡ್ ಬುಕ್ಕು.

ಸರ್ ಮನೆಯವ್ರು ಅವರ ಮೋರ್ಸ್ ಕೀ, ಪುಸ್ತಕಗಳು, ನಾವೆಲ್ಲ ಸುತ್ತಿದ ವಾಷರ್ ಕಾಯಿಲ್‌ಗಳಿದ್ದ ಒಂದು ಬಿಸ್ಕೆಟ್ ಡಬ್ಬ ಕಾಲೇಜಿಗೆ ಕೊಡೋಕೆ ಒಪ್ಪಿದಾರೆ. ಕ್ಲಬ್ ಸ್ಟೇಷನ್ ಲೈಸೆನ್ಸ್‌ಗೆ ಅರ್ಜಿ ಹಾಕೋ ಓಡಾಟ ನಮ್ಮ ಬ್ಯಾಚ್‌ನವ್ರು ನೋಡ್ಕೋತೀವಿ, ಪಿಸಿನೂ ಕೊಡಿಸ್ತೀವಿ. ಪ್ರಿನ್ಸಿಪಾಲರಲ್ಲಿ ಕೇಳೋದು ಇಷ್ಟೇ: ಆ ಸಾಮಾನನ್ನ ಗಾಜಿನ ಶೋಕೇಸಲ್ಲಿ ಇಟ್ಟು ಫಲಕ ಹಾಕಬೇಡಿ, ಟೆರೇಸ್ ಬೀಗದ ಕೈನ ಹುಡುಗ್ರ ಕೈಗೇ ಕೊಡಿ.