ಕೆಂಪು ಕಂಬದ ಹಿಂದಿನ ಎರಡು ಮಕ್ಕಳು

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನ ಆರೋಗ್ಯ ಕಚೇರಿಯಲ್ಲಿ ಅಂಕಿ-ಅಂಶ ಒಟ್ಟುಗೂಡಿಸುವ ಕೆಲಸಕ್ಕೆ ನಾನು ಸೇರಿದ ಮೊದಲ ವರ್ಷದ ಮಾತಿದು. ತಿಂಗಳ ಪ್ರಗತಿ ಪರಿಶೀಲನಾ ಸಭೆಗೆ ಎಲ್ಲ ಕೇಂದ್ರಗಳ ಲಸಿಕೆಯ ಲೆಕ್ಕವನ್ನು ಕಂಬಗಳ ನಕ್ಷೆಯಾಗಿ ಪರದೆಯ ಮೇಲೆ ತೋರಿಸುವುದು ನನ್ನ ಹೊಣೆಯಾಗಿತ್ತು. ಶೇ. 85 ದಾಟಿದರೆ ಹಸಿರು, 75ಕ್ಕಿಂತ ಇಳಿದರೆ ಕೆಂಪು, ನಡುವೆ ಹಳದಿ. ಕಂಬಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಕಾಣುತ್ತಿದ್ದುದರಿಂದ, ವ್ಯತ್ಯಾಸ ಎದ್ದು ತೋರಲೆಂದು ಆ ತಿಂಗಳು ಅಳತೆಯನ್ನು ಸೊನ್ನೆಯ ಬದಲು 60ರಿಂದ ಶುರು ಮಾಡಿದೆ. ಅದರಿಂದಾಗಿ ಶೇ. 71ರ ಕೆಂಪು ಕಂಬವು ಶೇ. 100ರ ಕಂಬದ ಕಾಲು ಭಾಗಕ್ಕಿಂತ ತುಸುವೇ ಎತ್ತರವಾಗಿ, ನೆಲಕ್ಕಂಟಿದ ಮೋಟಿನಂತೆ ಕಂಡಿತು.

ಸಭೆಯ ಕಣ್ಣೆಲ್ಲ ಆ ಮೋಟಿನ ಮೇಲೆಯೇ ನಿಂತಿತು. ಆ ಉಪಕೇಂದ್ರದ ಸಿಸ್ಟರ್ ಎದ್ದು ನಿಂತು, "ಈ ತಿಂಗಳ ದಡಾರ-ರುಬೆಲ್ಲಾ ಹಾಕಬೇಕಾದದ್ದು ಏಳೇ ಮಕ್ಕಳಿಗ್ರಿ ಸರ್. ಅದರಾಗ ಎರಡು ಮಕ್ಕಳು ಅವ್ವ-ಅಪ್ಪನ ಜೋಡಿ ಬೆಂಗಳೂರಿಗೆ ಗುಳೆ ಹೋಗ್ಯಾವ್ರಿ" ಎಂದರು. ಮಾತು ಮುಗಿಯುವ ಮುನ್ನವೇ, ಕಾರಣ ಬೇಡ, ಮುಂದಿನ ತಿಂಗಳು ಹಸಿರು ಬರಬೇಕು ಎಂಬ ಉತ್ತರ ಬಂತು. ಅದೇ ಪರದೆಯಲ್ಲಿ ಪಟ್ಟಣದ ಕೇಂದ್ರದ ಕಂಬ ಹಸಿರಾಗಿತ್ತು. ಅಲ್ಲಿ 40 ಮಕ್ಕಳಲ್ಲಿ 35 ಮಕ್ಕಳಿಗೆ ಲಸಿಕೆಯಾಗಿತ್ತು, ಐದು ಮಕ್ಕಳು ಬಿಟ್ಟುಹೋಗಿದ್ದರು. ಆ ಐವರ ಬಗ್ಗೆ ಯಾರೂ ಕೇಳಲಿಲ್ಲ.

ಬಯಲು ಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರವೆಂಬುದು ನಿಯಮ. ಅಷ್ಟು ಜನರಲ್ಲಿ ವರ್ಷಕ್ಕೆ ಸುಮಾರು 80ರಿಂದ 90 ಮಕ್ಕಳು ಹುಟ್ಟುತ್ತಾರೆ. ಅಂದರೆ ತಿಂಗಳಿಗೆ ಏಳು ಮಕ್ಕಳ ಲೆಕ್ಕ. ಏಳರಲ್ಲಿ ಒಂದು ಮಗು ತಪ್ಪಿದರೂ ಶೇಕಡಾವಾರು 14 ಅಂಶ ಕುಸಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ನಕ್ಷೆಯಲ್ಲಿ ಹೇಳಿರಲಿಲ್ಲ. ಆ ಹೆಣ್ಣುಮಗಳು ಎಲ್ಲರೆದುರು ತಲೆ ತಗ್ಗಿಸಿ ಕುಳಿತದ್ದಕ್ಕೆ ನಾನು ಎಳೆದ ಕಂಬವೂ ಕಾರಣವೆಂಬ ಸಂಕಟ ನನ್ನನ್ನು ರಾತ್ರಿಯಿಡೀ ಬಿಡಲಿಲ್ಲ.

ಆ ಗುರುವಾರ, ಲಸಿಕೆಯ ದಿನ, ಅವರ ಜೊತೆ ಹಳ್ಳಿಗೆ ಹೋದೆ. ಅಂಗನವಾಡಿಯಲ್ಲಿ ಕಾರ್ಯಕರ್ತೆಯೊಬ್ಬರು ಒಂದು ಮಗುವನ್ನು ತೂಗಿ, ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಪೆನ್ಸಿಲಿನಿಂದ ಚುಕ್ಕೆಯಿಟ್ಟು ಹಿಂದಿನ ಚುಕ್ಕೆಗೆ ಗೆರೆ ಎಳೆಯುತ್ತಿದ್ದರು. ಅಲ್ಲಿಯೂ ಹಸಿರು, ಹಳದಿ ಪಟ್ಟಿಗಳೇ. ಮಗುವಿನ ಚುಕ್ಕೆ ಹಸಿರಿನಲ್ಲೇ ಇತ್ತು. ಆದರೂ ಅವರು ತಾಯಿಯ ಬೆರಳನ್ನು ಹಿಡಿದು ಗೆರೆಯ ಮೇಲೆ ನಿಧಾನವಾಗಿ ಎಳೆಸಿ, "ಹಸಿರಾಗ ಐತಿ ಅಂತ ಬಿಡಬ್ಯಾಡವ್ವಾ, ಮೂರು ತಿಂಗಳಾತು, ಗೆರಿ ಮ್ಯಾಲ ಏರೇ ಇಲ್ಲ. ಏನು ಉಣಿಸಾಕತ್ತಿ ಹೇಳು" ಎಂದು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡದ ಮೇಲೆ ನಿಂತ ನಕ್ಷೆ ಅದು. ಇಂಥ ಕಾರ್ಡನ್ನು ನೈಜೀರಿಯಾದ ಹಳ್ಳಿಯೊಂದರಲ್ಲಿ ರೂಪಿಸಿದ ವೈದ್ಯ ಡೇವಿಡ್ ಮಾರ್ಲಿ, ಅದು ಆಸ್ಪತ್ರೆಯ ಕಪಾಟಿನಲ್ಲಿರದೆ ತಾಯಿಯ ಕೈಯಲ್ಲೇ ಇರಬೇಕೆಂದು ಹಿಡಿದಿದ್ದ ಹಟದ ಅರ್ಥ ನನಗೆ ಅಲ್ಲಿ ಆಯಿತು. ನಮ್ಮ ಸಭೆಯಲ್ಲಿ ಬಣ್ಣ ಕಂಡೊಡನೆ ವಿಚಾರಣೆ ಮುಗಿದುಹೋಗುತ್ತಿತ್ತು. ಇಲ್ಲಿ ಗೆರೆ ಕಂಡ ಮೇಲೆ ವಿಚಾರಣೆ ಶುರುವಾಗುತ್ತಿತ್ತು.

ಮುಂದಿನ ತಿಂಗಳು ಕಂಬಗಳನ್ನು ತೆಗೆದುಹಾಕಿದೆ. ಪ್ರತಿ ಮಗುವಿಗೆ ಒಂದು ವೃತ್ತ, ಲಸಿಕೆಯಾಗಿದ್ದರೆ ತುಂಬಿದ್ದು, ಆಗದಿದ್ದರೆ ಖಾಲಿ. ಖಾಲಿ ವೃತ್ತದ ಪಕ್ಕದಲ್ಲಿ ಊರು ಮತ್ತು ಕಾರಣ. ಹಳೆಯ ಬಾಕಿಯನ್ನೂ ಅದರಲ್ಲೇ ಉಳಿಸಿದೆ. ಅಧಿಕಾರಿಗಳಿಗೆ ಮೊದಲು ಇದು ಹಿಡಿಸಲಿಲ್ಲ; ಜಿಲ್ಲೆಗೆ ಶೇಕಡಾವಾರೇ ಬೇಕು ಎಂದರು. ಅದು ನಿಜವೇ ಆದ್ದರಿಂದ ಕೆಳಗೊಂದು ಸಾಲಿನಲ್ಲಿ ಅದನ್ನೂ ಕೊಟ್ಟಿದ್ದೆ. ಆದರೆ ಪಟ್ಟಣದ ಸಾಲಿನಲ್ಲಿ ಖಾಲಿ ವೃತ್ತಗಳು ಒತ್ತೊತ್ತಾಗಿ ಕಂಡಾಗ ಅವರೇ, "ಇವು ಯಾವ ಓಣಿಯ ಮಕ್ಕಳು?" ಎಂದು ಕೇಳಿದರು. ಆಮೇಲೆ ಸಿಸ್ಟರ್ ಕಡೆ ತಿರುಗಿ, "ಗುಳೆ ಹೋದವರ ಫೋನ್ ನಂಬರ್ ಐತೇನ್ರಿ ಸಿಸ್ಟರ್?" ಎಂದರು. ಅವರು ಪುಸ್ತಕ ತೆರೆದು ಎರಡೂ ನಂಬರ್ ಓದಿದರು.

ಹತ್ತು ದಿನಗಳ ನಂತರ ಅವರಿಂದ ನನ್ನ ವಾಟ್ಸ್‌ಆ್ಯಪ್‌ಗೆ ಒಂದು ಚಿತ್ರ ಬಂತು. ಸಿಮೆಂಟಿನ ಧೂಳು ಮೆತ್ತಿದ ತಾಯಿ ಕಾರ್ಡು, ಅದರಲ್ಲಿ ನೀಲಿ ಶಾಯಿಯಲ್ಲಿ ಬೆಂಗಳೂರಿನ ಲಸಿಕೆಯ ದಿನಾಂಕ. "ಒಂದು ತುಂಬರಿ ತಮ್ಮಾ" ಎಂದು ಕೆಳಗೆ ಬರೆದಿದ್ದರು. ಹಳೆಯ ಕಡತ ತೆರೆದು ಆ ವೃತ್ತವನ್ನು ತುಂಬಿದೆ. ಅದರ ಪಕ್ಕದ್ದು ಇನ್ನೂ ಖಾಲಿಯೇ ಇತ್ತು.