ಇಲಿ ಬಿದ್ದ ವರ್ಷದ ಜಾಡು: ಚಿಕ್ಕಪೇಟೆಯಿಂದ ತ್ಯಾಗರಾಜನಗರಕ್ಕೆ

ಬೆಂಗಳೂರಿನಲ್ಲಿ ಪ್ಲೇಗು ಬಿಟ್ಟುಹೋದ ಗುರುತುಗಳನ್ನು ನೋಡುವ ನಡಿಗೆ ಇದು. ಭಾನುವಾರ ಬೆಳಗ್ಗೆ ಎಂಟರೊಳಗೆ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಹೊರಗೆ ಬಂದುಬಿಡಿ. ಹತ್ತಾದರೆ ಗಾಡಿ, ಮೂಟೆ, ಜನ ತುಂಬಿಕೊಂಡು ಕಟ್ಟಡ ಕಾಣಿಸುವುದಿಲ್ಲ. ಒಟ್ಟು ಐದಾರು ಕಿಲೋಮೀಟರ್ ನಡಿಗೆ, ನಾಲ್ಕು ಗಂಟೆ ಸಾಕು. ಒಂದು ಲೀಟರ್ ನೀರು, ಸ್ವಲ್ಪ ಚಿಲ್ಲರೆ, ಸಲೀಸಾಗಿ ಬಿಚ್ಚಿ ಹಾಕುವ ಚಪ್ಪಲಿ ಇರಲಿ. ಕಾರು ಮಾತ್ರ ಬೇಡ. ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಬೆಳಗು ಮುಗಿಯುತ್ತದೆ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಎರಡು ವರ್ಷ ಮೊದಲೇ ಮುಂಬೈಗೆ ಬಡಿದಿದ್ದ ಪಿಡುಗು, ರೈಲು ಹಿಡಿದು ಇಲ್ಲಿಗೂ ಇಳಿಯಿತು. ಅದು ಹಳೆಯ ಊರಾದ ಪೇಟೆಯಲ್ಲೇ ಯಾಕೆ ಅಷ್ಟು ಹಬ್ಬಿತು ಅನ್ನುವುದಕ್ಕೆ ಉತ್ತರ ಅವೆನ್ಯೂ ರಸ್ತೆಯ ಅಕ್ಕಪಕ್ಕದ ಗಲ್ಲಿಗಳಲ್ಲೇ ಇದೆ. ಉಳಿದಿರುವ ಹಳೆಯ ಮನೆಗಳ ಮುಂಭಾಗ ಕಿರಿದು, ಒಳಗೆ ಉದ್ದ, ಪಕ್ಕದ ಮನೆಗೂ ಅದೇ ಗೋಡೆ. ಬೆಳಕಿಲ್ಲದ ನಡುಮನೆ, ಪಕ್ಕದಲ್ಲೇ ದವಸದ ಮಂಡಿ. ಇಲಿಗೆ ಇನ್ನೇನು ಬೇಕು? ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಮನುಷ್ಯರನ್ನು ಹುಡುಕಿಕೊಂಡು ಬರುತ್ತದೆ. ಆಗ ಅದು ಜನಕ್ಕೆ ತಿಳಿದಿರಲಿಲ್ಲ. ಆದರೂ ಇಲಿ ಸತ್ತು ಬಿತ್ತು ಅಂದರೆ ಮನೆ ಬಿಡಬೇಕು ಅನ್ನುವುದನ್ನು ಹಿರಿಯರು ಕಂಡುಕೊಂಡಿದ್ದರು. ಊರಾಚೆ ಗುಡಿಸಲು ಹಾಕಿಕೊಂಡರು, ಹೆಂಚು ಸರಿಸಿ ಮನೆಯೊಳಗೆ ಬಿಸಿಲು ಬಿಟ್ಟರು. ಕಾರಣ ಗೊತ್ತಿಲ್ಲದೆ ಮಾಡಿದರೂ ಮನೆ ಬಿಟ್ಟದ್ದೇ ಸರಿಯಾದ ಮದ್ದು.

ಸಿಟಿ ಮಾರ್ಕೆಟ್ ಅಂದರೆ ಕೆ.ಆರ್. ಮಾರ್ಕೆಟ್ ದಾಟಿದರೆ ವಿಕ್ಟೋರಿಯಾ ಆಸ್ಪತ್ರೆ. ಅಡಿಗಲ್ಲು ಬಿದ್ದದ್ದು 1897ರಲ್ಲಿ, ಅಂದರೆ ಪ್ಲೇಗಿಗೂ ಒಂದು ವರ್ಷ ಮುಂಚೆ. ಬಾಗಿಲು ತೆರೆದದ್ದು 1900ರ ಡಿಸೆಂಬರ್‌ನಲ್ಲಿ. ಇಂದಿಗೂ ಅಲ್ಲಿ ರೋಗಿಗಳು ಸಾಲುಗಟ್ಟಿ ನಿಂತಿರುತ್ತಾರೆ, ಹೊರಗಿನಿಂದ ನೋಡಿ ಮುಂದೆ ಹೋಗುವುದು ಮರ್ಯಾದೆ.

ಕೆ.ಆರ್. ಮಾರ್ಕೆಟ್‌ನಲ್ಲಿ ಮೆಟ್ರೊ ಹತ್ತಿ ಮುಂದಿನ ನಿಲ್ದಾಣ ನ್ಯಾಷನಲ್ ಕಾಲೇಜಿನಲ್ಲಿ ಇಳಿಯಿರಿ. ಬಸವನಗುಡಿ ಬಡಾವಣೆಯ ಗಾಂಧಿ ಬಜಾರ್ ಅಲ್ಲಿಂದ ಸುಮಾರು ಒಂದು ಕಿಲೋಮೀಟರ್. ಬಸವನಗುಡಿ, ಮಲ್ಲೇಶ್ವರಗಳನ್ನು ಪ್ಲೇಗಿಗಾಗಿಯೇ ಕಟ್ಟಿದರು ಅನ್ನುವ ಮಾತು ಅರ್ಧ ಸರಿ. ನಕ್ಷೆ 1892ರ ಸುಮಾರಿಗೇ ಇತ್ತು; ಪೇಟೆ ಬಿಟ್ಟು ಬರಲು ಜನಕ್ಕೆ ಮನಸ್ಸಿರಲಿಲ್ಲ. ಆ ಮನಸ್ಸನ್ನು ಬದಲಾಯಿಸಿದ್ದು ಪ್ಲೇಗು.

ಇಲ್ಲಿ ನೋಡಬೇಕಾದದ್ದು ಮನೆಗಳ ಮುಂಬಾಗಿಲಲ್ಲ, ಹಿತ್ತಿಲು. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹಾದುಹೋಗುವ ಓಣಿಗಳನ್ನು ಹುಡುಕಿ. ನಿವೇಶನದ ಕೊನೆಯಲ್ಲಿ ಪಾಯಿಖಾನೆ, ಅದರ ಮಲ ತೆಗೆಯಲು ಈ ಓಣಿ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಚೌಕದ ಕಿಂಡಿಯನ್ನು ಇಟ್ಟಿಗೆಯಿಂದ ಮುಚ್ಚಿದ ಗುರುತು ಕಂಡರೆ, ಸರಿಯಾದ ಕಡೆಯೇ ಬಂದಿದ್ದೀರಿ. ಗಾಳಿ, ಬೆಳಕು, ಶುಚಿ ಇವುಗಳ ಲೆಕ್ಕದಲ್ಲಿ ಇದು ಜಾಣ ನಕ್ಷೆ. ಆದರೆ ಮಲ ಬಾಚುವವರು ಮನೆಯವರ ಕಣ್ಣಿಗೆ ಬೀಳಬಾರದು ಅನ್ನುವ ಜಾತಿಯ ಲೆಕ್ಕವೂ ಇದರಲ್ಲಿ ಸೇರಿತ್ತು. ಊರು ಚೇತರಿಸಿಕೊಂಡದ್ದು ಅವರ ಬುಟ್ಟಿಯ ಮೇಲೆ; ಅವರಿಗೆ ಒಂದು ಫಲಕವೂ ಇಲ್ಲ. ಈಗ ಕೆಲವು ಓಣಿಗಳಿಗೆ ಗೇಟು ಬಿದ್ದಿದೆ, ಕೆಲವು ಸ್ಕೂಟರ್ ನಿಲ್ದಾಣ. ಒಂದು ತುದಿ ಮುಚ್ಚಿದ್ದರೆ ಸುತ್ತಿ ಇನ್ನೊಂದು ತುದಿಗೆ ಹೋಗಿ. ಯಾರಾದರೂ ಎದುರಾದರೆ, ಏನು ನೋಡಲು ಬಂದಿರಿ ಎಂದು ಮೊದಲೇ ಹೇಳಿಬಿಡಿ. ಮನೆಯ ಹಿಂಭಾಗದಲ್ಲಿ ಅಪರಿಚಿತರು ಸುಳಿದಾಡಿದರೆ ಯಾರಿಗೂ ಹಿಡಿಸುವುದಿಲ್ಲ.

ತಿಂಡಿ ಗಾಂಧಿ ಬಜಾರಿನಲ್ಲಿ. ಭಾನುವಾರ ದೋಸೆಗೆ ಸರದಿ ಉದ್ದ, ತಾಳ್ಮೆ ಇಲ್ಲದವರು ಪಕ್ಕದ ದರ್ಶಿನಿಯಲ್ಲಿ ಇಡ್ಲಿ ತಿಂದು ಹೊರಡಲಿ. ದೊಡ್ಡ ಬಸವಣ್ಣನಿಗೆ ಕೈಮುಗಿದು ದಕ್ಷಿಣಕ್ಕೆ ನಡೆದರೆ ತ್ಯಾಗರಾಜನಗರ. ಅಲ್ಲಿ ಪ್ಲೇಗಮ್ಮನ ಗುಡಿ ಎಲ್ಲಿ ಎಂದು ಹೂವಿನವರನ್ನು ಕೇಳಿ. ಮಾರಿಯಮ್ಮ, ಮಾರಮ್ಮ ಎಲ್ಲ ಊರಲ್ಲೂ ಇದ್ದಾರೆ. ಕಾಯಿಲೆಯ ಇಂಗ್ಲಿಷ್ ಹೆಸರಿಗೇ ಅಮ್ಮ ಸೇರಿಸಿ, ಬೇವು ಕಟ್ಟಿ, ಮನೆಯವಳನ್ನಾಗಿ ಮಾಡಿಕೊಂಡದ್ದು ವಿಶೇಷ. ಮಾರಿಗೆ ತಂಪು ಬೇಕು ಅನ್ನುವುದು ನಂಬಿಕೆ, ಹಾಗಾಗಿ ಮೊಸರನ್ನ, ತಂಬಿಟ್ಟು, ನಿಂಬೆಹಣ್ಣು. ಮಧ್ಯಾಹ್ನ ಗುಡಿ ಮುಚ್ಚುವ ಮುಂಚೆ ತಲುಪಬೇಕು. ವಾಪಸಿಗೆ ಎನ್.ಆರ್. ಕಾಲೊನಿಯ ಬಸ್ ನಿಲ್ದಾಣ ಹತ್ತಿರ.